ಗೋವಾದಿಂದ ಕೊಚ್ಚಿ ತನಕ ಹಾಯಿದೋಣಿಯೊಳಗ ಗಂಡ-ಹೆಂಡ್ತಿ ಇಬ್ಬರೇ: ಏನು ಕೇಳೋದಿದ್ರೂ ಇಲ್ಲೇ ಕೇಳ್ರಿ

ಶಕ್ತಿನಗರದಾಕಿ:
ನಾವಿಬ್ಬರೂ ಹಾಯಿದೋಣಿಯೊಳಗ ಹೋದ ಫೋಟೋ ಹಾಕಿದಾಗಿನಿಂದ ಒಬ್ಬೊಬ್ಬರು ಒಂದೊಂದು ಕೇಳ್ಲಿಕತ್ತೀರಿ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಬರಿಯೋದಕ್ಕಿಂತ ಇಲ್ಲೇ ಒಂದು ಚರ್ಚೆ ತೆಗೀತೀನಿ. ನಾವು ರಾಯಚೂರು ಜಿಲ್ಲೆಯವರು. ನಮ್ಮ ಮನಿಯವರು ನೌಕಾಪಡೆಯೊಳಗ ಇದ್ದು ಬಂದು, ಆಮ್ಯಾಲ ಶಕ್ತಿನಗರದ ಕರೆಂಟ್ ಪ್ಲಾಂಟಿನಾಗ ಪಾಳಿ ಡ್ಯೂಟಿ ಮಾಡಿ ರಿಟೈರ್ ಆದವರು. ಅವರ ನೌಕಾಪಡೆ ಗೆಳೆಯರೊಬ್ಬರ 28 ಅಡಿ ಹಾಯಿದೋಣಿ ಗೋವಾದಾಗಿತ್ತು, ಅದನ್ನ ಕೊಚ್ಚಿಗೆ ಮುಟ್ಟಿಸಬೇಕಿತ್ತು. ನೀವಿಬ್ಬರೂ ಒಯ್ತೀರೇನು ಅಂತ ಕೇಳಿದ್ರು, ಒಯ್ತೀವಿ ಅಂದ್ವಿ. ನಾನು ಅದಕ್ಕ ಮೊದಲ ಗೋವಾದಾಗ ತರಬೇತಿ ತಗೊಂಡಿದ್ದೆ.

ಗೋವಾದಿಂದ ಕೊಚ್ಚಿ ಸುಮಾರು 350 ನಾಟಿಕಲ್ ಮೈಲಿ, ಅಂದ್ರ ಹತ್ತತ್ರ 650 ಕಿ.ಮೀ. ಗಾಳಿ ಚಲೋ ಇದ್ದಾಗ ತಾಸಿಗೆ ಎಂಟೊಂಬತ್ತು ಕಿಲೋಮೀಟರ್ ಓಡ್ತದ ದೋಣಿ. ಗಾಳಿ ಬಿದ್ದಾಗ ಸಣ್ಣ ಡೀಸೆಲ್ ಎಂಜಿನ್.

ಡಿಸೆಂಬರ್-ಜನವರಿಯೊಳಗ ಪಶ್ಚಿಮ ಕರಾವಳಿಯ ಗಾಳಿಗೆ ಒಂದು ದಿನಚರಿ ಅದ. ರಾತ್ರಿ ನೆಲ ಲಗೂನ ತಣ್ಣಗಾಗ್ತದಲ್ಲ, ಹಂಗಾಗಿ ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸ್ತದ. ಬಿಸಲು ಏರಿದ ಮ್ಯಾಲ ಅದು ನಿಲ್ತದ. ಹೊತ್ತು ತಿರುಗಿದ ಮ್ಯಾಲ ವಾಯವ್ಯದಿಂದ ಕಡಲಗಾಳಿ ಎದ್ದು ಸಂಜೀತನ ಜೋರು ಇರ್ತದ. ತೆಂಕಲಿಗೆ ಹೋಗೋರಿಗೆ ಅದು ಬೆನ್ನಿನ ಗಾಳಿ. ಅದೇ ಹಾದಿಯೊಳಗ ವಾಪಸ್ ಬರೋರಿಗೆ ಎದುರುಗಾಳಿ, ಅಡ್ಡಡ್ಡ ತಿರುವಿಕೋಂತ ಬರಬೇಕು. ಅದಕ್ಕ ನಾವು ಹೋಗಿದ್ದು ದೋಣಿಯೊಳಗ, ಬಂದದ್ದು ರೈಲಿನಾಗ.

ಗಂಡ-ಹೆಂಡ್ತಿ ಇಬ್ಬರೇ ಅಂದಕೂಡ್ಲೇ ಎಲ್ಲಾರೂ ಎಷ್ಟು ಚಂದ ಅಂತಾರ. ಚಂದ ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಇಬ್ಬರೇ ಇದ್ದಾಗ ದೋಣಿ ಮ್ಯಾಲ ಇಬ್ಬರೂ ಒಟ್ಟಿಗೆ ಎಚ್ಚರ ಇರೋದು ಭಾಳ ಕಮ್ಮಿ. ರಾತ್ರಿ ಮೂರು ಮೂರು ತಾಸಿನ ಪಾಳಿ. ಒಬ್ಬರು ಚುಕ್ಕಾಣಿ ಹತ್ತಿರ, ಒಬ್ಬರು ಕೆಳಗ ನಿದ್ದಿ. ಬದಲಿ ಆಗೋವಾಗ ಐದು ನಿಮಿಷ ಮಾತು: ಗಾಳಿ ಎಲ್ಲಿಂದ, ಯಾವ ದೀಪ ಎಲ್ಲೆದ, ಚಹಾ ಥರ್ಮಾಸಿನಾಗದ. ಅಷ್ಟೇ. ನಾನು ಮೊದಲು ಗಾಳಿಗೆ ಅಂಜಿದ್ದೆ, ತೆರಿಗೆ ಅಂಜಿದ್ದೆ. ಇಡೀ ಪ್ರಯಾಣವನ್ನ ಏಳಿಸಿದ್ದು ಬೀಳಿಸಿದ್ದು ಮಾತ್ರ ನಿದ್ದಿ.

ಅದಿರು ಲಾರಿ, ಸಂಡೂರು:
ಮೇಡಂ, ಓದಿ ಮೈ ಜುಮ್ ಅಂತು. ನಾನು ಅದಿರಿನ ಕಾಲದಲ್ಲಿ ಸಂಡೂರಿಂದ ಬೇಲೆಕೇರಿಗೆ ಲಾರಿ ಹೊಡೀತಿದ್ದೆ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯೋವಾಗ ಬ್ರೇಕ್ ಸುಟ್ಟ ವಾಸನೆ, ಕೆಳಗೆ ಅಂಕೋಲಾ. ಬಂದರಿನ ಗೇಟ್ ಹತ್ರ ಸಾಲಲ್ಲಿ ನಿಂತಾಗ ದೂರದಲ್ಲಿ ಒಂದು ಪಟ್ಟಿ ನೀರು ಕಾಣ್ತಿತ್ತು, ಅಷ್ಟೇ ನನ್ನ ಸಮುದ್ರ. ಲೋಡ್ ಇಳಿಸಿ ತಿರುಗಿ ಹೊರಡೋದು. ಒಂದು ದಿನಾನೂ ಕಾಲು ತೋಯಿಸಿಕೊಂಡಿಲ್ಲ. ಎರಡು ಪ್ರಶ್ನೆ. ವಾಂತಿ ಆಗಲಿಲ್ವ? ಊಟ ಏನು ಮಾಡ್ತಿದ್ರಿ?

ಶಕ್ತಿನಗರದಾಕಿ:
ಅಣ್ಣಾ, ಬೇಲೆಕೇರಿ ಮುಂದ ಹಾದೇ ಹೋದ್ವಿ. ದಂಡಿಯಿಂದ ದೂರ ಇದ್ವಿ, ಗುಡ್ಡದ ಸಾಲು ಮಾತ್ರ ಕಂಡ್ತು.

ವಾಂತಿ ಆತು. ಮಾಂಡೋವಿ ನದಿ ಬಿಟ್ಟು ಹೊರಗ ಬಂದು, ಮೊದಲನೇ ದೊಡ್ಡ ತೆರಿ ಅಡ್ಡ ಬಂದು ದೋಣಿ ಹೊರಳಿದಾಗ ಶುರು ಆತು. ಕಿವಿಯೊಳಗಿನ ಸಮತೋಲನ ಒಂದು ಹೇಳ್ತದ, ಕಣ್ಣು ಇನ್ನೊಂದು ಹೇಳ್ತದ, ಆ ಜಗಳ ಹೊಟ್ಟಿಗೆ ಬರ್ತದ. ಕೆಳಗ ಕ್ಯಾಬಿನ್ನಿನಾಗ ಕುಂತ್ರ ಕಣ್ಣಿಗೆ ಎಲ್ಲಾ ನಿಂತಂಗ ಕಾಣ್ತದ, ಇನ್ನೂ ಜಾಸ್ತಿ ಆಗ್ತದ. ಮ್ಯಾಲ ಬಂದು ದಿಗಂತ ನೋಡಿಕೋಂತ ಚುಕ್ಕಾಣಿ ಹಿಡಿದ್ರ ಕಮ್ಮಿ ಆಗ್ತದ, ಕೈಗೆ ಕೆಲಸ ಇರಬೇಕು. ಗುಳಿಗಿ ತಗೊಳ್ಳೋದಿದ್ರ ಹತ್ತೋದಕ್ಕ ಮೊದಲೇ ಡಾಕ್ಟರ್‌ನ ಕೇಳಿ ತಗೋಬೇಕು, ಶುರುವಾದ ಮ್ಯಾಲ ಹೊಟ್ಟಿಯೊಳಗ ನಿಲ್ಲಂಗಿಲ್ಲ. ಒಣ ಶುಂಠಿ, ಬೆಲ್ಲ, ನೀರು ಗುಟುಕು ಗುಟುಕು. ಕಾರವಾರ ಮುಟ್ಟೋದ್ರೊಳಗ ಸುಧಾರಿಸಿದೆ. ಅಲ್ಲಿ ನೌಕಾನೆಲೆ ಅದ, ಅದರ ಗಡಿಯಿಂದ ದೂರ ಉಳಿದು ಬೈತಖೋಲ್ ಕಡೆ ನಿಂತ್ವಿ.

ಊಟದ ವಿಷಯಕ್ಕ ಬಂದ್ರ, ಮನಿಯಿಂದ ಜೋಳದ ಕಟಕ್ ರೊಟ್ಟಿ ಒಯ್ದಿದ್ದೆ. ನಮ್ಮ ಊರಾಗ ತಿಂಗಳ ಇಟ್ರೂ ಕಟಕ್ ಅಂತಾವ. ಕಡಲ ಹವಾದಾಗ ಬುಟ್ಟಿಯೊಳಗ ಇಟ್ಟವು ಒಂದ ರಾತ್ರಿಗೆ ಮೆತ್ತಗಾದ್ವು. ಸ್ಟೀಲ್ ಡಬ್ಬಿಗೆ ಬಿಗಿ ಮುಚ್ಚಳ ಹಾಕಿ ಇಟ್ಟವು ಕೊಚ್ಚಿತನ ಬಂದ್ವು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಳ್ಳಾಗಡ್ಡಿ, ಮೊಸರು ಸಿಕ್ಕಲ್ಲಿ ಮೊಸರು. ಒಲಿ ಹಚ್ಚೋದು ಬಂದರಿನಾಗ ಅಥವಾ ತಣ್ಣಗಿದ್ದಾಗ ಮಾತ್ರ. ದೋಣಿ ಹೊರಳೋವಾಗ ಕುದಿಯೋ ನೀರು ಮೈಮ್ಯಾಲ ಬಿದ್ರ ಹತ್ತಿರ ದವಾಖಾನಿ ಇಲ್ಲ.

ಕುಷ್ಟಗಿ ಮೇಷ್ಟ್ರು:
ತಾಯಿ, ನಿಮಗೊಂದು ಜೊತೆ ಸಿಕ್ಕಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಹೊರ್ಮುಜ್‌ನಲ್ಲಿ ಹಡಗು ಹತ್ತಿದ ಗಳಿಗೆಯಲ್ಲೇ ಅದರ ವಾಸನೆಗೆ, ಕಡಲಿನ ಭಯಕ್ಕೆ ಪ್ರಜ್ಞೆ ತಪ್ಪಿ ಮೂರು ದಿನ ಬಿದ್ದಿದ್ದನಂತೆ. ತಾನೇ ಬರೆದುಕೊಂಡಿದ್ದಾನೆ. ಪರ್ಷಿಯಾದ ಅರಸನ ರಾಯಭಾರಿ! ಆಮೇಲೆ ಕಲ್ಲಿಕೋಟೆಯಿಂದ ಸಮುದ್ರದಲ್ಲೇ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಹೋದ. ವಾಪಸ್ ಹೊರಟದ್ದು ಹೊನ್ನಾವರದಿಂದ.

ಬಯಲುಸೀಮೆಯವರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ಭಟ್ಕಳದ ಹೆಸರು ಹೇಳುತ್ತೇನೆ. ವಿಜಯನಗರದ ಕುದುರೆ ಲಾಯಗಳಿಗೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಅದೂ ಒಂದು. ಹಡಗಿನಲ್ಲಿ ವಾರಗಟ್ಟಲೆ ನಿಂತುಬಂದ ಕುದುರೆಗಳು ಘಟ್ಟ ಹತ್ತಿ ತುಂಗಭದ್ರೆಯ ದಂಡೆಗೆ ಬರುತ್ತಿದ್ದವು. ನೀವು ಭಟ್ಕಳದ ಮುಂದೆ ಹಾದುಹೋದ ಭಾಗವನ್ನು ದಯವಿಟ್ಟು ಬಿಡದೆ ಬರೆಯಿರಿ.

ಆನೆಗೊಂದಿ ಹರಿಗೋಲು:
ಅಕ್ಕಾರ, ನಮ್ಮದು ಹರಿಗೋಲು ಹಾಕೋ ಮನೆತನ. ಹೊಳಿ ಬಿಟ್ರ ಬೇರೆ ನೀರು ಗೊತ್ತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಎಲ್ಲಾ ಹರಿಗೋಲು ಮ್ಯಾಲಕ್ಕ ಎಳಕೊಂಡ್ವಿ. ಹೊಳಿಯಾಗ ನೀರು ಒಂದ ಕಡೆ ಹರಿತೈತಿ, ಬಂಡಿಗಲ್ಲು ಎಲ್ಲೆಲ್ಲಿ ಅದಾವ ಗೊತ್ತಿರ್ತೈತಿ. ಸಮುದ್ರದಾಗ ಕತ್ತಲಾಗ ಮೀನಿನ ಬಲಿ ಎಲ್ಲಿ ಹಾಕ್ಯಾರ ಅಂತ ಹೆಂಗ ಗೊತ್ತಾಗ್ತೈತಿ? ಬಲಿ ಸಿಕ್ಕಿ ಬಿದ್ರ ಏನು ಮಾಡ್ತೀರಿ?

ಶಕ್ತಿನಗರದಾಕಿ:
ತಮ್ಮಾ, ನೀನು ಕೇಳಿದ್ದು, ಮೇಷ್ಟ್ರು ಕೇಳಿದ್ದು ಎರಡೂ ಒಂದೇ ಜಾಗಾ.

ಕತ್ತಲಾಗ ಬಲಿ ಕಾಣಂಗಿಲ್ಲ. ಹಾಕಿದವರ ದೋಣಿ ದೀಪ ಕಾಣ್ತದ, ಬಲಿಯ ತುದಿಗೆ ಕೆಲವರು ಮಿಣಮಿಣ ದೀಪ ಕಟ್ಟಿರ್ತಾರ, ಕೆಲವರು ಬರೀ ಕರಿ ಬಾವುಟ. ಸಾಲುಗಟ್ಟಿ ದೀಪ ಕಂಡ್ರ ಅದರ ಹೊರಗಿನಿಂದ ಸುತ್ತು ಹಾಕೋದೇ ಉಪಾಯ. ಆದ್ರ ನಮಗ ಸಿಕ್ಕಿದ್ದು ಯಾರೂ ಹಾಕಿದ ಬಲಿ ಅಲ್ಲ, ಹರಕೊಂಡು ತೇಲಿ ಬಂದ ಹಳೇ ಬಲಿ.

ಭಟ್ಕಳದ ಹೊರಗ, ಬೆಳಗಿನ ಜಾವ. ಗಾಳಿ ಭಾಳ ಸಣ್ಣದಿತ್ತು, ಅದಕ್ಕ ಎಂಜಿನ್ ಹಾಕಿದ್ವಿ. ಒಮ್ಮಿಗಲೇ ಎಂಜಿನ್ ದನಿ ದಪ್ಪಾಗಿ ಗಕ್ಕನ ನಿಂತ್ತು. ಟಾರ್ಚ್ ಬಿಟ್ಟು ನೋಡಿದ್ರ ಹಿಂದ ನೀಲಿ ನೈಲಾನ್ ಹಗ್ಗ ನೀರಾಗ ಎಳದು ನಿಂತದ, ಅದರ ಮ್ಯಾಲೆಲ್ಲಾ ಸಣ್ಣ ಸಣ್ಣ ಚಿಪ್ಪು ಬೆಳದಾವ, ತುದಿಗೆ ಮುರಕ ಥರ್ಮೋಕೋಲ್. ಪ್ರೊಪೆಲ್ಲರ್ ಬುಡಕ್ಕ ಸುತ್ತಿ ಕುಂತಿತ್ತು.

ಬೆಳಕಾಗೋತನ ಕಾದ್ವಿ. ಕತ್ತಲಾಗ ನೀರಿಗೆ ಇಳಿಯಂಗಿಲ್ಲ ಅಂತ ಮೊದಲೇ ಮಾತಾಗಿತ್ತು. ಬೆಳಕಾದ ಮ್ಯಾಲ ಹಾಯಿ ಇಳಿಸಿ ದೋಣಿ ನಿಲ್ಲಿಸಿದ್ವಿ. ನಮ್ಮ ಮನಿಯವರು ಸೊಂಟಕ್ಕ ಹಗ್ಗ ಕಟಕೊಂಡು, ಬ್ರೆಡ್ ಕೊಯ್ಯೋ ಹಲ್ಲಿನ ಚಾಕು ಮಣಿಕಟ್ಟಿಗೆ ದಾರ ಹಾಕಿ ಕಟಕೊಂಡು ಇಳಿದ್ರು. ಹಗ್ಗದ ಈ ತುದಿ ನನ್ನ ಕೈಯಾಗ. ಇದರೊಳಗ ಅಪಾಯ ಮುಳುಗೋದಲ್ಲ, ದೋಣಿಯ ಹಿಂಭಾಗ. ತೆರಿಗೆ ಅದು ಎರಡಡಿ ಏಳ್ತದ, ದಪ್ಪಂತ ಕೂಡ್ತದ. ಕೆಳಗ ತಲಿ ಇದ್ರ ಮುಗೀತು. ಅವರು ಉಸಿರು ಹಿಡಿದು ಹೋಗೋದು, ಎರಡು ಎಳಿ ಕೊಯ್ಯೋದು, ಮ್ಯಾಲ ಬರೋದು. ಹಿಂಭಾಗ ಏಳೋವಾಗೆಲ್ಲಾ ನಾನು 'ಈಗ ಬ್ಯಾಡ, ಈಗ ಬ್ಯಾಡ' ಅಂತ ಒದರೋದು. ನೀರಿನ ಕೆಳಗಿರೋ ಮನುಷ್ಯಾಗ ಏನೂ ಕೇಳಂಗಿಲ್ಲ ಅಂತ ಗೊತ್ತಿದ್ರೂ ಬಾಯಿ ನಿಲ್ಲಲಿಲ್ಲ.

ಅಷ್ಟರಾಗ ಒಂದು ಮೀನುಗಾರರ ದೋಣಿ ಬಂತು. ದೂರದಿಂದಲೇ ನೋಡಿ ತಿಳಕೊಂಡಿದ್ರು. ಒಬ್ಬ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ, ಏನೂ ಮಾತಾಡದ ನೀರಿಗೆ ಹಾರಿ ನಮ್ಮವರ ಕೈಯಾಗಿನ ಚಾಕು ತಗೊಂಡು ಕೆಳಗ ಹೋದ. ನಾವು ಅಷ್ಟೊತ್ತು ಒದ್ದಾಡಿದ್ದನ್ನ ಎರಡು ಮುಳುಗಿಗೆ ಬಿಡಿಸಿ ತಂದ. ರೊಕ್ಕ ಕೊಡಾಕ ಹೋದ್ರ ಹಿರಿಯರು ಕೈ ಅಡ್ಡ ಹಿಡಿದ್ರು. ಶೇಂಗಾ ಚಟ್ನಿ ಡಬ್ಬಿ ಕೊಟ್ಟೆ, ತಗೊಂಡ್ರು. ಹಳೇ ಬಲಿ ಪೂರ್ತಿ ಎಳದು ತಮ್ಮ ದೋಣಿಯಾಗ ಹಾಕ್ಕೊಂಡ್ರು, ಇನ್ನೊಬ್ಬರಿಗೆ ಸಿಗಬಾರದು ಅಂತ. ಈ ಚರ್ಚೆಯೊಳಗ ಬ್ಯಾರೆ ಏನು ಮರೆತ್ರೂ ಇದನ್ನ ಮರೀಬ್ಯಾಡ್ರಿ. ಕಡಲಾಗ ನಮ್ಮನ್ನ ಮೊದಲು ಕಾಣೋರು ಮೀನುಗಾರರು.

ಸಿಂಧನೂರು ನಾಲೆ:
ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಮೀನುಗಾರರು ಸಮುದ್ರಕ್ಕೆ ಹೋಗೋದು ಹೊಟ್ಟೆಪಾಡಿಗೆ. ನೀವು ಹೋಗಿದ್ದು ಆಸೆಗೆ. ಏನಾದ್ರೂ ಆಗಿದ್ರೆ ಹುಡುಕೋಕೆ ಕೋಸ್ಟ್ ಗಾರ್ಡ್‌ನವರು ಜೀವ ಪಣಕ್ಕಿಡಬೇಕಿತ್ತು. ಆ ಹುಡುಗನ ತಲೆಗೆ ದೋಣಿ ಬಡಿದಿದ್ರೆ? ಬಯಲುಸೀಮೆಯ ಜನ ಇದನ್ನೋದಿ ಉಮೇದಿಗೆ ಬಿದ್ದು ಹೊರಟ್ರೆ ಯಾರು ಹೊಣೆ? ಖರ್ಚೂ ಕಮ್ಮಿ ಇರಲ್ಲ.

ಶಕ್ತಿನಗರದಾಕಿ:
ಬೇಜಾರಿಲ್ಲ, ಕೇಳಬೇಕಾದದ್ದನ್ನೇ ಕೇಳೀರಿ. ಆ ಹುಡುಗನ ತಲಿಯ ವಿಚಾರ ನನಗೂ ಇವತ್ತಿಗೂ ಬರ್ತದ.

ನಾವು ಹಾಕ್ಕೊಂಡಿದ್ದ ಕಟ್ಟುಪಾಡು ಹೇಳ್ತೀನಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲಿನ ತೆರಿ, ಗಾಳಿ, ಪ್ರವಾಹದ ಮುನ್ಸೂಚನೆ ಕೊಡ್ತದ, ನಮ್ಮ ರಾಯಚೂರಿಗೆ ಅದು ಕಡಲಿಗಿಂತ ಹತ್ತಿರ. ತೆರಿ ಒಂದೂವರೆ ಮೀಟರ್ ದಾಟ್ತದ ಅಂತ ಅದರೊಳಗ ಕಂಡ್ರ ಹಗ್ಗ ಬಿಚ್ಚಂಗಿಲ್ಲ. ಹವಾಮಾನ ಇಲಾಖೆಯ ಎಚ್ಚರಿಕೆ ಇದ್ರ ಬಂದರು ಬಿಡಂಗಿಲ್ಲ. ನದಿ ಕಡಲಿಗೆ ಸೇರೋ ಅಳಿವೆಯೊಳಗ ಕತ್ತಲಾಗ ಹೋಗಂಗಿಲ್ಲ, ಇಳಿತದ ಹೊತ್ತಿಗೂ ಹೋಗಂಗಿಲ್ಲ. ಹೊರಗಿನ ತೆರಿ ಒಳಗ ನುಗ್ತಿರ್ತದ, ಇಳಿತದ ನೀರು ಹೊರಗ ನುಗ್ತಿರ್ತದ, ನಡುವ ಮರಳದಿಬ್ಬದ ಮ್ಯಾಲ ತೆರಿ ಕಡಿದಾಗಿ ಎದ್ದು ಮುರಿದು ಬೀಳ್ತದ. ಹೊನ್ನಾವರದ ಶರಾವತಿ ಅಳಿವೆಯೊಳಗ ಹೋಗಿ ಒಂದು ದಿನ ಇರೋ ಆಸೆ ನನಗ ಭಾಳ ಇತ್ತು. ನಾವು ಮುಟ್ಟಿದ್ದು ಸರಿಯಾಗಿ ಇಳಿತದ ಹೊತ್ತಿಗೆ. ಹೊರಗಿನಿಂದಲೇ ಮುಂದ ಹೋದ್ವಿ.

ಮ್ಯಾಲ ಇದ್ದಷ್ಟು ಹೊತ್ತೂ ಲೈಫ್ ಜಾಕೆಟ್, ರಾತ್ರಿ ಅದರ ಜೊತೆ ದೋಣಿಗೆ ಕೊಕ್ಕಿ ಹಾಕೋ ಪಟ್ಟಿ. ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್ (ಅಪಾಯದಾಗ ಕರಿಯೋ ಚಾನೆಲ್) ಮ್ಯಾಲ ಸದಾ ಚಾಲೂ. ಕೋಸ್ಟ್ ಗಾರ್ಡ್ ನಂಬರ್ 1554 ಇಬ್ಬರ ಫೋನಿನಾಗೂ, ಗ್ವಾಡಿ ಮ್ಯಾಲೂ. ಖರ್ಚಿನ ಮಾತು ಖರೇ ಅದ. ದೋಣಿ ನಮ್ಮದಲ್ಲ, ಅದಕ್ಕ ಸಾಧ್ಯ ಆತು. ಸ್ವಂತ ದೋಣಿ ಇಟ್ಟುಕೊಳ್ಳೋ ತಾಕತ್ತು ನಮಗಿಲ್ಲ. ತರಬೇತಿ ಇಲ್ಲದ ಯಾರೂ ಹೊರಡಬ್ಯಾಡ್ರಿ, ಇದನ್ನ ನಾನೂ ನಿಮ್ಮ ಜೊತಿ ಕೂಡಿ ಹೇಳ್ತೀನಿ.

ಲಿಂಗಸುಗೂರು ಅಕ್ಕ:
ಯಾರೂ ಕೇಳವಲ್ರು, ನಾನ ಕೇಳ್ತೀನಿ. ಜಗಳ ಆಡಲಿಲ್ಲೇನ್ರಿ? ನಾವು ಗಂಡ-ಹೆಂಡ್ತಿ ಕಾರಿನಾಗ ಗೋಕರ್ಣಕ್ಕ ಹೋಗಿ ಬರೋದ್ರಾಗ ಮಾತು ಬಿಟ್ಟಿರ್ತೀವಿ. ನಿಮಗ ಇಳದು ಹೋಗಾಕೂ ಜಾಗ ಇಲ್ಲ.

ಶಕ್ತಿನಗರದಾಕಿ:
ಆಡಿದ್ವಿ ಅಕ್ಕಾ. ಮಲ್ಪೆಯೊಳಗ ದೊಡ್ಡದೊಂದು ಆತು.

ಅವರು ನೌಕಾಪಡೆಯವರು, ಅವರಿಗೆ ಬರ್ತದ. ನನಗ ಕಲಿತಷ್ಟು ಬರ್ತದ. ಆದ್ರ ನನ್ನ ಪಾಳಿಯೊಳಗ ಹಾಯಿ ಒಂಚೂರು ಪಟಪಟ ಅಂದ್ರ ಸಾಕು, ಕೆಳಗಿನಿಂದ ಎದ್ದು ಬಂದು ಚುಕ್ಕಾಣಿಗೆ ಕೈ ಹಾಕ್ತಿದ್ರು. ದನಿ ಎತ್ತತಿರಲಿಲ್ಲ, ಬೈತಿರಲಿಲ್ಲ. ಬರೇ ಕೈ ಹಾಕ್ತಿದ್ರು. ಅದರಿಂದ ಎರಡು ಕೆಟ್ಟದ್ದಾತು. ನನಗ ನನ್ನ ಮ್ಯಾಲಿನ ಭರವಸೆ ಹೋತು, ಅವರಿಗೆ ನಿದ್ದಿ ಹೋತು. ಮಲ್ಪೆ ಮುಟ್ಟೋವಾಗ ಅವರ ಕಣ್ಣು ಕೆಂಪಾಗಿ, ಹೇಳಿದ್ದು ತಲಿಗೆ ಹೋಗ್ತಿರಲಿಲ್ಲ. ಬಂದರಿನೊಳಗ ಹಗ್ಗ ಎಸಿಯೋದನ್ನ ಬಿಟ್ಟು ಸುಮ್ಮನ ಕೈಯಾಗ ಹಿಡಕೊಂಡು ನಿಂತಿದ್ರು.

ಹಗ್ಗ ಕಟ್ಟಿ, ಕರಾವಳಿ ಕಾವಲು ಪೊಲೀಸರಿಗೆ ಕಾಗದಪತ್ರ ತೋರಿಸಿ, ಚಹಾ ಕುಡಿದ ಮ್ಯಾಲ ನಾ ಹೇಳಿದೆ. 'ರೀ, ನನ್ನ ಪಾಳಿಯೊಳಗ ನೀವು ಹಿಂಗ ಎದ್ದೆದ್ದು ಬರೋದಾದ್ರ ನಾ ಉಡುಪಿಗೆ ಹೋಗಿ ಬಸ್ ಹತ್ತಿ ರಾಯಚೂರಿಗೆ ಹೋಗ್ತೀನಿ. ನೀವು ಬ್ಯಾರೆ ಯಾರನ್ನರ ಕರಕೊಂಡು ಹೋಗ್ರಿ.' ಅವರು ಭಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲ ಅಂದ್ರು, ನೌಕಾಪಡೆಯೊಳಗೂ, ಇಲ್ಲಿ ಪ್ಲಾಂಟಿನಾಗೂ ಪಾಳಿ ಒಪ್ಪಿಸಿದ ಮ್ಯಾಲ ಹಿಂದಕ್ಕ ತಿರುಗಿ ನೋಡಿದವರಲ್ಲ ನಾವು. ನಿನಗ ಒಪ್ಪಿಸಾಕ ಯಾಕ ಆಗವಲ್ಲದು ನನಗ ತಿಳಿವಲ್ದು. ಅಷ್ಟು ಹೇಳಿ ಅತ್ರು. ನಾನೂ ಅತ್ತೆ.

ಅಲ್ಲೇ ಒಂದು ಮಾತು ಮಾಡಿಕೊಂಡ್ವಿ. ಪಾಳಿ ಯಾರದೋ ತೀರ್ಮಾನ ಅವರದು. ಕೆಳಗಿದ್ದವರು ಕರಿಯದ ಮ್ಯಾಲ ಬರಂಗಿಲ್ಲ. ಮ್ಯಾಲಿದ್ದವರು ಸಣ್ಣ ಅನುಮಾನ ಬಂದ್ರೂ ನಾಚಿಕಿ ಪಡದ ಎಬ್ಬಿಸಬೇಕು. ಎದ್ದು ಬಂದವರು ಪೂರ್ತಿ ಎಚ್ಚರ ಆಗಿ, ಜಾಕೆಟ್ ಹಾಕ್ಕೊಂಡು, ಕೇಳಿದ ಮ್ಯಾಲ ಮಾತಾಡಬೇಕು. ಮಲ್ಪೆಯಾಗ ಇನ್ನೊಂದು ದಿನ ಜಾಸ್ತಿ ಉಳದ್ವಿ, ಬರೇ ಮಲಗಾಕ.

ಅಲ್ಲಿಂದ ಬೇಪೂರಿಗೆ ಹೊರಟ ರಾತ್ರಿ ಪಣಂಬೂರಿನ ನವ ಮಂಗಳೂರು ಬಂದರಿನ ಹೊರಗ ನನ್ನ ಪಾಳಿ. ಅಲ್ಲಿ ದೊಡ್ಡ ದೊಡ್ಡ ಹಡಗು ಲಂಗರು ಹಾಕಿ ಸರತಿಗೆ ಕಾಯ್ತಿರ್ತಾವ. ನಿಂತ ಹಡಗು ಯಾವುದು, ಬರೋದು ಯಾವುದು ಅಂತ ಬೆಳಕಿನಾಗೇ ತಿಳೀಬೇಕು. ಹೋಗೋ ಹಡಗಿಗೆ ಎಡಕ್ಕ ಕೆಂಪು, ಬಲಕ್ಕ ಹಸಿರು. ಎರಡೂ ಒಟ್ಟಿಗೆ ಕಂಡು, ಮ್ಯಾಲಿನ ಎರಡು ಬಿಳಿ ದೀಪ ಒಂದರ ಮ್ಯಾಲ ಒಂದು ನಿಂತ್ರ ಅದು ಸೀದಾ ನಮ್ಮ ಕಡೆ ಬರ್ಲಿಕತ್ತದ. ಕಟಕಟಿಯ ಕಂಬಿಗೆ ದೀಪ ಗುರಿ ಹಿಡಿದು ನೋಡ್ತಾ ಇರಬೇಕು. ದೀಪ ಹಿಂದ ಅಥವಾ ಮುಂದ ಸರಿದ್ರ ಚಿಂತಿಲ್ಲ. ಅಲ್ಲೇ ನಿಂತು ದೊಡ್ಡದಾಗ್ತಾ ಬಂದ್ರ ಡಿಕ್ಕಿ ಹಾದಿ. ದಿಗಂತದಾಗ ಕಂಡ ಹಡಗು ನಮ್ಮನ್ನ ಮುಟ್ಟಾಕ ಹದಿನೈದಿಪ್ಪತ್ತು ನಿಮಿಷ ಸಾಕು.

ಒಂದು ಹಾಂಗ ನಿಂತ್ತು. ಕಂಬಿಯಿಂದ ಅಲುಗವಲ್ದು. ಎಬ್ಬಿಸಲಿ ಅಂತ ಬಾಯಿಗೆ ಬಂತು. ಅನುಮಾನ ಇದ್ರ ಎಬ್ಬಿಸಬೇಕು, ಆದ್ರ ನನಗ ಅನುಮಾನ ಇರಲಿಲ್ಲ, ಏನು ಮಾಡಬೇಕಂತ ಗೊತ್ತಿತ್ತು. ಚುಕ್ಕಾಣಿ ತಿರುವಿ ಪಶ್ಚಿಮಕ್ಕ ಸರಿದೆ, ಹಾಯಿ ಸರಿ ಮಾಡಿದೆ. ಹಸಿರು ದೀಪ ಮರೆಯಾಗಿ ಬರೇ ಕೆಂಪು ಉಳೀತು. ಹಡಗು ದೂರದಿಂದ ದಾಟಿ ಬಂದರಿನ ಕಡೆ ಹೋತು, ಅದರ ಎಂಜಿನ್ ದನಿ ಎದಿಯೊಳಗ ಕೇಳ್ತಿತ್ತು. ಅದು ಎಬ್ಬಿಸಿದ ತೆರಿ ಬಂದು ದೋಣಿ ಹೊಯ್ದಾಡಿದಾಗ ಕೆಳಗಿನಿಂದ ಗೊರಕಿ ಕೇಳಿಸ್ತು. ಮದುವಿಯಾಗಿ ಇಷ್ಟು ವರ್ಷದಾಗ ಅಷ್ಟು ಖುಷಿ ಕೊಟ್ಟ ಗೊರಕಿ ಇಲ್ಲ.

ಆ ರಾತ್ರಿಯೇ ನೀರು ಹೊಳೀತು. ದೋಣಿ ಸೀಳಿದಲ್ಲೆಲ್ಲಾ ನೀಲಿ ಬೆಳಕು, ಹಿಂದ ಉದ್ದಕ್ಕ ಗೆರಿ. ನಾಕ್ಟಿಲೂಕ ಅನ್ನೋ ಸೂಕ್ಷ್ಮಜೀವಿ ಅಂತ, ಕದಡಿದ್ರ ಹೊಳೀತದ. ಪಾಳಿ ಬದಲಿ ಹೊತ್ತು ಆಗಿತ್ತು. ಎಬ್ಬಿಸಿದೆ, ಆದ್ರ ನಾ ಕೆಳಗ ಹೋಗಲಿಲ್ಲ. ಇಬ್ಬರೂ ಎಚ್ಚರ ಕುಂತು ನೋಡಿದ್ವಿ. ನಿದ್ದಿ ಲೆಕ್ಕ ತಪ್ಪಿದ್ರೂ ಅದಕ್ಕ ನನ್ನ ತಕರಾರಿಲ್ಲ.

ಲಿಂಗಸುಗೂರು ಅಕ್ಕ:
ಕಣ್ಣಾಗ ನೀರು ಬಂತ್ರೀ. ನಮ್ಮ ಮನಿಯವರಿಗೆ ಮಲ್ಪೆ ಭಾಗ ಓದಿ ಹೇಳಿದೆ. ಸುಮ್ಮನ ಕೇಳಿದ್ರು.

ಕೋಟೆ ಕೆಳಗೆ, ಬಳ್ಳಾರಿ:
ಮೇಡಂ, ಇಬ್ಬರೇ ಅಂದ ಕೂಡಲೇ ನನಗೆ ನೆನಪಾಗಿದ್ದು ನೌಕಾಪಡೆಯ ದಿಲ್ನಾ ಮತ್ತು ರೂಪಾ. 2024ರ ಅಕ್ಟೋಬರ್ 2ರಂದು ಗೋವಾದಿಂದ ತಾರಿಣಿ ದೋಣಿಯಲ್ಲಿ ಹೊರಟು, ಭೂಮಿ ಸುತ್ತಿ 2025ರ ಮೇ ತಿಂಗಳ ಕೊನೆಗೆ ವಾಪಸ್ ಬಂದರು. 56 ಅಡಿ ದೋಣಿ, ಇಬ್ಬರೇ ಹೆಂಗಸರು. ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್ ಬಿಟ್ಟರೆ ಉಳಿದದ್ದೆಲ್ಲ ನೀರೇ. ನಮ್ಮ ಮಗಳು ಪಿಯುಸಿ, ಅವರ ಫೋಟೋ ಟೇಬಲ್ ಮೇಲೆ ಅಂಟಿಸಿಕೊಂಡಿದ್ದಾಳೆ. ನಿಮ್ಮ ಪೋಸ್ಟ್ ಓದಿಸಿದೆ. ಅವಳು ಕೇಳಿದ್ದು ಇಷ್ಟು: ಈಜು ಬರಲೇಬೇಕಾ? ಬಳ್ಳಾರಿಯಲ್ಲಿದ್ದುಕೊಂಡು ಏನನ್ನು ಮೊದಲು ಕಲಿಯಬಹುದು? ಕೊಚ್ಚಿ ಮುಟ್ಟಿದ್ದನ್ನೂ ಬರೆಯಿರಿ, ಅರ್ಧಕ್ಕೆ ನಿಲ್ಲಿಸಿದ್ದೀರಿ.

ಶಕ್ತಿನಗರದಾಕಿ:
ತಾರಿಣಿಯವರ ಸುದ್ದಿ ನಾನೂ ದಿನಾ ನೋಡ್ತಿದ್ದೆ. ಅಷ್ಟು ತಿಂಗಳು ಪಾಳಿ ಮಾಡಿಕೋಂತ ಒಬ್ಬರನ್ನೊಬ್ಬರು ನಂಬಿದ್ದು ನನಗ ಅವರು ದಾಟಿದ ತೆರಿಗಿಂತ ದೊಡ್ಡದು ಅನಸ್ತದ.

ಕೊಚ್ಚಿದು ಸಣ್ಣದಾಗಿ ಹೇಳ್ತೀನಿ. ಬೇಪೂರಿನಾಗ ಉರು ಅನ್ನೋ ಕಟ್ಟಿಗಿ ಹಡಗು ಕಟ್ಟೋ ಜಾಗಾ ನೋಡಿ, ಅಲ್ಲಿಂದ ಹೊರಟು, ಕೊಚ್ಚಿ ಕಾಲುವಿಯ ಹೊರಗ ಬೆಳಕಾಗೋತನ ಕಾದ್ವಿ. ಕಂಟೇನರ್ ಹಡಗು, ಹಡಗು ಎಳಿಯೋ ಟಗ್, ಜನ-ಗಾಡಿ ದಾಟಿಸೋ ಜಂಗಾರ್, ಮೀನಿನ ದೋಣಿ ಎಲ್ಲಾ ಒಂದೇ ಹಾದಿಯೊಳಗ. ಒಳಗ ಹೋಗೋವಾಗ ಇಬ್ಬರೂ ಮ್ಯಾಲ, ಅವರು ಚುಕ್ಕಾಣಿ, ನಾ ಮುಂದ ನಿಂತು ಕೈಸನ್ನಿ. ಬೋಳ್ಗಾಟ್ಟಿಯ ಮರೀನಾದಾಗ ಹಗ್ಗ ಕಟ್ಟಿ ಬೀಗ ಕೊಟ್ಟು ಬಂದ್ವಿ.

ಈಗ ಮಗಳಿಗೆ. ಈಜು ಬರಲೇಬೇಕು, ಬಟ್ಟಿ ಹಾಕ್ಕೊಂಡು ಈಜಾಕ ಬರಬೇಕು. ಬಳ್ಳಾರಿಯೊಳಗ ಕುಂತು ಕಲಿಯಾಕ ಬೇಕಾದಷ್ಟು ಅದ. ಒಂದು ಮೀಟರ್ ಹಗ್ಗ ತಗೊಂಡು ಬೋಲೈನ್ ಗಂಟು (ಜಾರದ ಕುಣಿಕಿ), ಕ್ಲೀಟ್ ಗಂಟು (ಗೂಟಕ್ಕ ಹಗ್ಗ ಸುತ್ತಿ ಕಟ್ಟೋದು) ಕಣ್ಣು ಮುಚ್ಚಿ ಬರೋತನ ಹಾಕ್ಲಿ, ಕತ್ತಲಾಗ ಅದೇ ಬೇಕಾಗೋದು. ದಿನಾ ಬೆಳಿಗ್ಗೆ, ಸಂಜಿ ಗಾಳಿ ಯಾವ ದಿಕ್ಕಿಂದ ಬೀಸ್ತದ ಅಂತ ಕೋಟಿ ಗುಡ್ಡದ ಮ್ಯಾಲ ನಿಂತು ನೋಡಿ ಬರದಿಡ್ಲಿ. ಇನ್‌ಕಾಯಿಸ್ ನಕ್ಷೆ ಓದಾಕ ಕಲೀಲಿ. ಪಿಯುಸಿ ಗಣಿತದ ವೆಕ್ಟರ್ ಪಾಠ ಬಿಡಬಾರದು, ಪ್ರವಾಹ ಒಂದು ಕಡೆ, ದೋಣಿ ಒಂದು ಕಡೆ ಹೋಗೋವಾಗ ಹಾದಿ ಹಾಕೋದು ಅದೇ ಲೆಕ್ಕ. ಕಾಲೇಜಿನಾಗ ಎನ್‌ಸಿಸಿ ನೌಕಾದಳ ಸಿಗೋ ಊರಿಗೆ ಹೋದ್ರ ಸೇರ್ಲಿ, ಅಲ್ಲಿ ಸಣ್ಣ ಹಾಯಿದೋಣಿ ಮ್ಯಾಲೇ ಶುರು ಮಾಡಸ್ತಾರ. ಮಳಿಗಾಲದಾಗ ಕಡಲಿನ ಮಾತೇ ಬ್ಯಾಡ, ಜೂನ್-ಜುಲೈದಾಗ ಕರ್ನಾಟಕದ ಯಾಂತ್ರಿಕ ಮೀನುಗಾರಿಕೆ ದೋಣಿಗಳೂ ಬಂದರಿನಾಗೇ ಇರ್ತಾವ. ರಜಾದಾಗ ತರಬೇತಿಗೆ ಕಳಿಸೋ ವಿಚಾರ ಇದ್ರ ನವೆಂಬರ್ ಮ್ಯಾಲ ಕಳಿಸ್ರಿ. ಗಂಟು ಹಾಕಿದ ಫೋಟೋ ಇಲ್ಲೇ ಹಾಕಾಕ ಹೇಳ್ರಿ, ನಮ್ಮ ಮನಿಯವರು ನೋಡಿ ತಿದ್ದತಾರ.